ನೇರಳೆ ಬಣ್ಣದ ಸಾಲು

ಜನವರಿ 9

ತಮ್ಮಾ,

ಮೊದಲೇ ಹೇಳಿಬಿಡುತ್ತೇನೆ, ಇದು ಕಾಗದ. ಫೋನಿನಲ್ಲಿ ಕೋರ್ಸಿನ ಮಾತೆತ್ತಿದರೆ "ಅಕ್ಕ, ಅದನ್ನ ಪುಟದಲ್ಲಿ ಬರಿ, ಎಲ್ಲರೂ ನೋಡ್ಲಿ" ಎಂದು ಇಟ್ಟುಬಿಡುತ್ತೀಯ. ನಿನ್ನ ನಿಯಮದಲ್ಲಿ ಫೋನಿದೆ, ಮೆಸೇಜಿದೆ, ಈಮೇಲಿದೆ. ಅಂಚೆ ಇಲ್ಲ. ನಿಯಮ ಬರೆದವನು ನೀನು, ತೂತು ಹುಡುಕಿದವಳು ನಾನು. ಹಾರ್ಡ್‌ವೇರ್ ಅಂಗಡಿಯವಳಿಗೆ ತೂತಿನ ಅಳತೆ ಕಣ್ಣಲ್ಲೇ ಗೊತ್ತಾಗುತ್ತದೆ.

ಇಲ್ಲಿ ಕ್ಷೇಮ ಎಂದು ಬರೆಯುವ ಮನಸ್ಸಿಲ್ಲ. ಯಾಕೆ ಅಂತ ಕೇಳು.

ದಿನಾ ಗಿರಾಕಿಗಳ ಜೊತೆ ಏಗುವವರಿಗೆ ಕಂಪ್ಯೂಟರಿನಲ್ಲೇ ಕಲಿಯುವ ಕೋರ್ಸು ಶುರುಮಾಡಿದ್ದೀಯ, ನೀನೇ ಮೇಷ್ಟ್ರು ಎಂದು ಗೊತ್ತಾದ ದಿನವೇ ಸೇರಿದೆ. ಮೊಳೆ, ಪೈಪು, ಬಣ್ಣದ ಡಬ್ಬ ಮಾರಿ ಮಾರಿ ತಲೆಗೂದಲು ನೆರೆದವಳಿಗೆ ಈ ವಯಸ್ಸಿನಲ್ಲಿ ಓದು ಯಾಕೆ ಅಂತ ನಿನ್ನ ಭಾವ ನಕ್ಕರು. ನಗಲಿ. ನೀನು ಮಾತ್ರ ಮೊದಲ ದಿನವೇ ಪುಟದ ಮೇಲೆ ಡಂಗುರ ಹೊಡೆದೆ: "ಈ ಗುಂಪಿನಲ್ಲಿ ಒಬ್ಬರು ನನ್ನ ಸ್ವಂತ ಅಕ್ಕ. ಎಲ್ಲರಿಗೂ ತಿಳಿದಿರಲಿ." ಸರಿ, ನ್ಯಾಯ. ಆಮೇಲೆ ಮೂರು ಜನರನ್ನು ಒಂದು ಪುಟಕ್ಕೆ ಕಟ್ಟಿಹಾಕಿದೆ. ನಾನು, ಒಬ್ಬ ಬಸ್ ಕಂಡಕ್ಟರು, ಇನ್ನೊಬ್ಬಳು ಔಷಧಿ ಅಂಗಡಿಯಾಕೆ. ಮೂವರೂ ಸೇರಿ "ಗಿರಾಕಿ ದೂರು ತಂದಾಗ ಏನು ಮಾಡಬೇಕು" ಎಂದು ಒಂದು ಕೈಪಿಡಿ ಬರೆಯಬೇಕು. ಯಾರು ಟೈಪು ಮಾಡಿದರೆ ಅವರ ಬಣ್ಣ. ನನಗೆ ಹಸಿರು, ಕಂಡಕ್ಟರಿಗೆ ನೀಲಿ, ಅವಳಿಗೆ ನೇರಳೆ. ಪುಟದ ಪಕ್ಕದಲ್ಲಿ ಬಣ್ಣದ ಪಟ್ಟಿ, ಯಾರದು ಎಷ್ಟು ಎಂದು ಥರ್ಮಾಮೀಟರಿನ ಹಾಗೆ ಏರುತ್ತದೆ.

ನೇರಳೆ! ನನ್ನ ಅಂಗಡಿಯಲ್ಲಿ ಆ ಬಣ್ಣದ ಡಬ್ಬ ಧೂಳು ತಿನ್ನುತ್ತಾ ಕೂತಿದೆ, ಒಬ್ಬ ಗಿರಾಕಿಯೂ ಕೇಳುವುದಿಲ್ಲ. ನಿನಗೆ ಮಾತ್ರ ಅದೇ ಕಣ್ಣಿಗೆ ಕಂಡಿತು. ಅವಳ ಸಾಲಿನ ಕೆಳಗೆ ನಿನ್ನ ಕಪ್ಪು ಅಕ್ಷರದಲ್ಲಿ "ಇದು ಕೈಪಿಡಿಯ ಬೆನ್ನೆಲುಬು." ಕಂಡಕ್ಟರಿಗೆ "ಒಳ್ಳೆಯ ಉದಾಹರಣೆ." ನನ್ನ ಹಸಿರಿನ ಕೆಳಗೆ? ಬಯಲು.

ಹಿತ್ತಲ ಗಿಡ ಮದ್ದಲ್ಲ ಅಂತಾರೆ. ಮದ್ದು ಬೇಕಾದವರು ಔಷಧಿ ಅಂಗಡಿಗೇ ಹೋಗುತ್ತಾರೆ, ಅಲ್ಲವಾ ಮೇಷ್ಟ್ರೇ?

ನಿನ್ನ ಕೈಗೆ ಬಳಪ ಕೊಟ್ಟ
ಅಕ್ಕ


ಜನವರಿ 17

ಅಕ್ಕ,

ಕಾಗದ ನೋಡಿ ನಗು ಬಂತು, ಓದಿದ ಮೇಲೆ ಬರಲಿಲ್ಲ.

ನಿನ್ನ ಸಾಲಿನ ಕೆಳಗೆ ನಾನು ಬರೆಯದಿರುವುದಕ್ಕೆ ಕಾರಣ ನಿನಗೆ ಗೊತ್ತು. ಒಂದು "ಭೇಷ್" ಬರೆದರೂ ಉಳಿದಿಬ್ಬರು "ಅಕ್ಕ ಅಂತ ತಾನೇ" ಎಂದುಕೊಳ್ಳುತ್ತಾರೆ. ನೀನು ಅಂಗಡಿಯಲ್ಲಿ ಸ್ವಂತದವರಿಗೆ ಗಿರಾಕಿಯ ಮುಂದೆ ಡಿಸ್ಕೌಂಟ್ ಕೊಡುತ್ತೀಯಾ?

ಬಣ್ಣದ ಪಟ್ಟಿ ನೋಡಬೇಡ. ಅದನ್ನು ಇಟ್ಟದ್ದು ಯಾರೂ ಸುಮ್ಮನೆ ಕೂರದಿರಲಿ ಎಂದು, ಪಂದ್ಯಕ್ಕಲ್ಲ. ಇಷ್ಟು ವರ್ಷದಲ್ಲಿ ನಾನು ಕಂಡದ್ದು ಒಂದೇ ಸಂಗತಿ. ಕಂಪ್ಯೂಟರಿನ ಮುಂದೆ ಒಬ್ಬರೇ ಕೂತು ಕಲಿಯುವವರು ಅಂಕಕ್ಕಾಗಿ ಮರಳಿ ಬರುವುದಿಲ್ಲ, ಮೇಷ್ಟ್ರ ಮೆಚ್ಚುಗೆಗೂ ಬಹಳ ದಿನ ಬರುವುದಿಲ್ಲ. ತಾನು ಬರೆದ ಸಾಲಿಗೆ ಜೊತೆಯವರು ಯಾರಾದರೂ ಉತ್ತರ ಬರೆದಿದ್ದರೆ ಮರುದಿನ ತಪ್ಪದೆ ಬರುತ್ತಾರೆ. ಉತ್ತರವಿಲ್ಲದ ಸಾಲು ಬಾಗಿಲು ತೆರೆಯದ ಮನೆಯ ಹಾಗೆ. ಎಷ್ಟು ಸಲ ಬಡಿಯುತ್ತಾರೆ?

ಔಷಧಿ ಅಂಗಡಿಯಾಕೆ ಪರಿಚಯದಲ್ಲಿ ಬರೆದದ್ದು ಓದಿದ್ದೀಯಲ್ಲ. ಈ ಸರ್ಟಿಫಿಕೇಟ್ ಸಿಕ್ಕರೆ ಕೌಂಟರಿನಿಂದ ಮೇಲೆದ್ದು ಹೊಸ ಶಾಖೆಯ ಮ್ಯಾನೇಜರ್ ಆಗುತ್ತಾಳೆ. ಗುಂಪಿನ ನಿಯಮವೂ ನೆನಪಿರಲಿ: ಒಬ್ಬರು ಬಿಟ್ಟುಹೋದರೆ ಗುಂಪೇ ಮುರಿಯುತ್ತದೆ, ಎಲ್ಲರೂ ಮುಂದಿನ ವರ್ಷ ಮೊದಲಿನಿಂದ. ಅವಳ ಸಾಲಿಗೆ ನೀನೊಂದು ಉತ್ತರ ಬರೆ. ನೋಡು, ಏನಾಗುತ್ತದೆ ಎಂದು.

ನಿನ್ನ
ತಮ್ಮ


ಫೆಬ್ರವರಿ 2

ತಮ್ಮಾ,

ಉತ್ತರ ಬರೆ ಅಂದೆ. ಬರೆಯೋಣ ಎಂದೇ ಕೂತೆ. ಅವಳ ಸಾಲು ಓದಿದೆ:

"ದೂರು ತಂದವನು ಇನ್ನೂ ನಮ್ಮ ಗಿರಾಕಿ. ಮಾತಾಡದೆ ಹೋದವನೇ ಕಳೆದುಹೋದವನು."

ಇದಕ್ಕೆ ಏನು ಉತ್ತರ ಬರೆಯಲಿ? ಇಪ್ಪತ್ತು ವರ್ಷ ಗಲ್ಲಾದಲ್ಲಿ ಕೂತವಳು ನಾನು. ಬಣ್ಣ ಸಿಪ್ಪೆ ಎದ್ದಿತು ಎಂದು ಕೂಗಾಡಿದವರೆಲ್ಲ ಮತ್ತೆ ಬಂದಿದ್ದಾರೆ, ಮುಖ ಸಪ್ಪೆ ಮಾಡಿಕೊಂಡು ಹೋದವರು ಎದುರಿನ ಅಂಗಡಿ ಸೇರಿದ್ದಾರೆ. ಇದು ನನಗೆ ಗೊತ್ತಿದ್ದ ಮಾತು! ನನ್ನ ಬಾಯಿಂದ ಬರಬೇಕಾದ್ದು. ಅವಳು ಮೊದಲು ಬರೆದಳು ಅಷ್ಟೇ. ಬಸ್ಸಿನಲ್ಲಿ ಕರ್ಚೀಫು ಹಾಕಿ ಸೀಟು ಹಿಡಿಯುತ್ತಾರಲ್ಲ, ಹಾಗೆ.

ಕಂಡಕ್ಟರ್ ಅವಳ ಸಾಲಿಗೆ "ಸೂಪರ್ ಮೇಡಂ, ರೈಟ್!" ಎಂದು ಬರೆದಿದ್ದಾನೆ. ಅವನ ಪ್ರತಿ ಸಾಲೂ ರೈಟ್ ಎಂದೇ ಮುಗಿಯುತ್ತದೆ, ನಾವು ರೈಟಣ್ಣ ಅಂತಲೇ ಕರೆಯುವುದು. ನನಗೆ ಅವನು ಇಟ್ಟ ಹೆಸರು ಹಸಿರಮ್ಮ. ಅವಳಿಗೆ ಮಾತ್ರ ಮೇಡಂ.

ಇನ್ನೊಂದು ವಿಷಯ. ಅವಳ ಒಂದು ಸಾಲು ತಪ್ಪು ಜಾಗದಲ್ಲಿ ಕೂತಿತ್ತು. ಎತ್ತಿ ಎರಡು ಸಾಲು ಮೇಲೆ ಇಡೋಣ ಎಂದರೆ ನನಗೆ ಎತ್ತಲು ಬರಲಿಲ್ಲ, ನಿನಗೆ ಗೊತ್ತಲ್ಲ ನನ್ನ ಬೆರಳು. ಅಳಿಸಿ, ಅದನ್ನೇ ಮೇಲೆ ಟೈಪು ಮಾಡಿದೆ. ಮಾಡಿದ್ದೇ ತಡ, ಸಾಲು ಹಸಿರಾಯಿತು. ಪಕ್ಕದ ಪಟ್ಟಿಯೂ ಒಂದು ಕೂದಲೆಳೆ ಏರಿತು.

ವಿಚಿತ್ರ ಯಂತ್ರ ಮಾಡಿಟ್ಟಿದ್ದೀಯಪ್ಪ.

ಅಕ್ಕ


ಫೆಬ್ರವರಿ 20

ನನ್ನ ಮುದ್ದು ತಮ್ಮಾ,

ನೋಡಿದೆ! ನೋಡಿದೆ! ಕಪ್ಪು ಅಕ್ಷರ, ನನ್ನ ಹಸಿರಿನ ಕೆಳಗೆ! "ಇಡೀ ಕೋರ್ಸಿನಲ್ಲಿ ನಾನು ಓದಿದ ಅತ್ಯುತ್ತಮ ಮಾತು. ಅನುಭವದಿಂದ ಮಾತ್ರ ಬರುವಂಥದ್ದು." ಅಂತ ಬರೆದೆಯಲ್ಲ, ನಿಮ್ಮ ಭಾವನಿಗೆ ಮೂರು ಸಲ ಓದಿ ಹೇಳಿದೆ. "ಯಾವ ಮಾತಿಗಂತೆ?" ಎಂದು ಕೇಳಿದರು. ಕೈಪಿಡಿಯ ಮಾತಿಗೆ ಎಂದೆ. ಪುಟವನ್ನು ಪ್ರಿಂಟ್ ತೆಗೆಸಿ ಗಲ್ಲಾದ ಹಿಂದಿನ ಗೋಡೆಗೆ ಅಂಟಿಸಿದ್ದೇನೆ, ಬಣ್ಣಗಳ ಶೇಡ್ ಕಾರ್ಡಿನ ಪಕ್ಕದಲ್ಲಿ. ಸಿಮೆಂಟ್ ಏಜೆಂಟು ಕೂಡ ಓದಿ ಹೋದ.

ಈಗ ಪುಟ ತೆರೆದರೆ ಕಣ್ಣಿಗೆ ತಂಪು. ಅಲ್ಲೊಂದು ಇಲ್ಲೊಂದು ನೀಲಿ, ಉಳಿದದ್ದೆಲ್ಲ ಹಸಿರು.

ನಿನ್ನ ಬೆನ್ನೆಲುಬು ಮೇಡಂ ಹದಿನೈದು ದಿನದಿಂದ ಪುಟದಲ್ಲಿ ಒಂದು ಸಾಲೂ ಬರೆದಿಲ್ಲ. ಹೀಗೇ ನೋಡು, ಕೆಲವರದು ಮೊದಮೊದಲ ಆರಂಭಶೂರತ್ವ. ಮ್ಯಾನೇಜರ್ ಆಗುವವರು ಹೀಗೆ ಸೋಮಾರಿಗಳಾದರೆ ಶಾಖೆ ಉದ್ಧಾರವಾದ ಹಾಗೇ. ಒಂದು ನೋಟೀಸು ಕಳಿಸು.

ಇಲ್ಲಿ ಕ್ಷೇಮ. ಬಹಳ ಕ್ಷೇಮ.

ಕೋರ್ಸಿನ ಅತ್ಯುತ್ತಮ
ಅಕ್ಕ


ಮಾರ್ಚ್ 1

ಅಕ್ಕ,

ರೈಟಣ್ಣ ಮೊನ್ನೆ ಪುಟದಲ್ಲಿ ತಮಾಷೆಗೆ ಕೇಳಿದ್ದನ್ನು ನೀನೂ ಓದಿರುತ್ತೀಯ: "ಹಸಿರಮ್ಮ, ಈ ಸಾಲು ಮೊದ್ಲು ನೇರಳೆ ಇತ್ತಲ್ವಾ? ಮಳೇಲಿ ನೆಂದು ಬಣ್ಣ ಬಿಡ್ತಾ? ರೈಟ್." ನೀನು ಅರ್ಧ ಗಂಟೆಯಲ್ಲಿ ಅವನ ಪ್ರಶ್ನೆಯನ್ನೇ ಅಳಿಸಿಹಾಕಿದೆ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಯಿತು. ನೀನು ಅಳಿಸದಿದ್ದರೆ ನಾನು ಹಿಂದಿನದನ್ನು ತೆಗೆದು ನೋಡುತ್ತಿರಲಿಲ್ಲ.

ಈ ಪುಟದಲ್ಲಿ ಅಳಿಸಿದ್ದು ಯಾವುದೂ ಅಳಿಯುವುದಿಲ್ಲ. ಪ್ರತಿದಿನದ ಪುಟ ಹಾಗೆಯೇ ಹಿಂದೆ ಉಳಿದಿರುತ್ತದೆ. ಅವಳ ಸಾಲು ಅಳಿಸಿದೆ, ಅದೇ ಸಾಲನ್ನು ಅಕ್ಷರ ಬಿಡದೆ ಟೈಪು ಮಾಡಿದೆ. ಒಂದಲ್ಲ. ಅವಳು ಬರೆದ ಒಂದು ಸಾಲೂ ಈಗ ನೇರಳೆಯಾಗಿ ಉಳಿದಿಲ್ಲ.

ನಾನು ಮೆಚ್ಚಿದ್ದು ಯಾರ ಮಾತನ್ನು ಅಕ್ಕ?

ತಮ್ಮ


ಮಾರ್ಚ್ 6

ಮೇಷ್ಟ್ರಿಗೆ,

ಆಯಿತು, ಮಾಡಿದೆ. ಏನೀಗ? ಗುಂಪಿನ ಪುಟ ಅಂದವನು ನೀನು. ಇಲ್ಲಿ ನನ್ನದು ನಿನ್ನದು ಇಲ್ಲ, ಎಲ್ಲರೂ ಸೇರಿ ಒಂದೇ ಕೈಪಿಡಿ ಅಂದವನೂ ನೀನೇ. ಹಾಗಾದರೆ ಬಣ್ಣ ಯಾಕೆ ಹಚ್ಚಿದೆ? ಕೂಡಿ ಬಾಳಿ ಎಂದು ಒಂದೇ ಮನೆಗೆ ತುಂಬಿ, ಪ್ರತಿಯೊಬ್ಬರ ತಟ್ಟೆಗೂ ತಕ್ಕಡಿ ಇಟ್ಟವನು ಯಾರು?

ನಾನು ನಿನಗೆ ಸ್ಲೇಟಿನ ಮೇಲೆ ಅಕ್ಷರ ತಿದ್ದಿಸುವಾಗ ನಿನ್ನ ಬೆರಳಿನ ಮೇಲೆ ನನ್ನ ಬೆರಳಿರುತ್ತಿತ್ತು. ಆ ಅಕ್ಷರ ಯಾರದ್ದು ಎಂದು ಆಗ ಯಾರೂ ಬಣ್ಣ ಕೇಳಲಿಲ್ಲ. ಮನೆಗೆ ಬಂದವರೆಲ್ಲ "ಮಗು ಎಷ್ಟು ಚೆಂದ ಬರೀತಾನೆ" ಅಂದರು. ನಾನೂ ಅಂದೆ. ಹೊಟ್ಟೆ ಉರಿಯಿತು, ಆದರೂ ಅಂದೆ.

ಇಷ್ಟು ವರ್ಷಕ್ಕೆ ನೀನು ನನ್ನನ್ನು ಒಂದು ಸಲ ಮೆಚ್ಚಿದೆ. ಅದೂ ಇನ್ನೊಬ್ಬರ ಮಾಲು.

ಈ ಕಾಗದಕ್ಕೆ ಉತ್ತರ ಬೇಡ.

(ಎರಡು ದಿನ ಇದು ಲಕೋಟೆಯಲ್ಲೇ ಬಿದ್ದಿತ್ತು. ಅಂಚೆಗೆ ಹಾಕುವ ಮೊದಲು ಇಷ್ಟು ಸೇರಿಸುತ್ತೇನೆ. ವಾಪಸ್ ಕೊಡೋಣ ಎಂದು ನಿನ್ನೆ ಕೂತೆ. ನನ್ನ ಹಸಿರು ಸಾಲು ಅಳಿಸಿದೆ, ಮತ್ತೆ ಅವಳ ಮಾತು ಟೈಪು ಮಾಡಿದೆ. ಹಸಿರು. ಮತ್ತೆ ಅಳಿಸಿದೆ, ಮತ್ತೆ ಹಸಿರು. ಕಸಿದುಕೊಳ್ಳುವುದಕ್ಕೆ ಬರುತ್ತದೆ, ಕೊಡುವುದಕ್ಕೆ ಬರುವುದಿಲ್ಲ. ಅವಳೇ ಬಂದು ಅವಳ ಕೈಯಿಂದಲೇ ಬರೆಯಬೇಕು. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಅನ್ನುತ್ತಿದ್ದರು ಅಜ್ಜಿ. ಗೋಡೆಯ ಮೇಲಿನ ಪ್ರಿಂಟು ತೆಗೆದಿದ್ದೇನೆ. ಅಂಟಿನ ಕಲೆ ಉಳಿದಿದೆ.)

ಅಕ್ಕ


ಮಾರ್ಚ್ 13

ಅಕ್ಕ,

ಬೇಡ ಎಂದರೂ ಬರೆಯುತ್ತಿದ್ದೇನೆ.

ತಕ್ಕಡಿಯ ಮಾತು ನಿಜ. ಮುಂದಿನ ಸಲ ಆ ಪಟ್ಟಿ ಇರುವುದಿಲ್ಲ. ಅದರಿಂದ ನಿನ್ನ ತಪ್ಪು ಕಡಿಮೆಯಾಗುವುದಿಲ್ಲ.

ನನ್ನ ಪಾಲೂ ಇದೆ. ನೇರಳೆಯಾಗಿದ್ದಾಗ ನನ್ನ ಕಣ್ಣಿಗೆ ಬೀಳದ ಆ ಸಾಲು ಹಸಿರಾಗಿ ಕಂಡ ದಿನ ನನಗೆ ಎಷ್ಟು ಸಂತೋಷವಾಯಿತು ಎಂದರೆ, ಕೊನೆಗೂ ಅಕ್ಕನನ್ನು ಯಾವ ಅಳುಕೂ ಇಲ್ಲದೆ ಮೆಚ್ಚಬಹುದು ಎಂದು ಹಿಂದೆ ಮುಂದೆ ನೋಡದೆ ಬರೆದುಬಿಟ್ಟೆ. ಬೇರೆಯವರ ಸಾಲಾಗಿದ್ದರೆ ಹಿಂದಿನ ಪುಟ ತೆಗೆದು ನೋಡುತ್ತಿದ್ದೆ. ಅವಳು ಅಂದು ಪುಟ ತೆರೆದಾಗ ಏನು ಕಂಡಿರಬೇಕು ಯೋಚಿಸು. ತನ್ನ ಮಾತು, ಅಕ್ಕನ ಬಣ್ಣ, ಕೆಳಗೆ ತಮ್ಮನ ಶಹಭಾಸ್.

ನಿಮ್ಮ ಗುಂಪಿಗೆ ಅಂಕ ಕೊಡುವ ಕೆಲಸವನ್ನು ಸಹೋದ್ಯೋಗಿಗೆ ಒಪ್ಪಿಸಿದ್ದೇನೆ. ಆಗಿದ್ದನ್ನೆಲ್ಲ ಹೇಳಿದ್ದೇನೆ. ಈ ಭಾಗಕ್ಕೆ ನಿನಗೆ ಅಂಕ ಸಿಗುವುದಿಲ್ಲ. ಅವಳಿಗೆ ಎರಡು ಸಲ ಬರೆದೆ. "ಕೆಲಸ ಜಾಸ್ತಿ ಇದೆ ಸರ್, ಬಿಡುತ್ತೇನೆ" ಎಂದಷ್ಟೇ ಉತ್ತರ. ಒಂದು ಮಾತು ದೂರಲಿಲ್ಲ. ಈ ತಿಂಗಳ ಕೊನೆಯೊಳಗೆ ಅವಳು ಒಂದು ಸಾಲಾದರೂ ಬರೆಯದಿದ್ದರೆ ಗುಂಪು ಮುರಿಯುತ್ತದೆ. ನಿನ್ನ ಅಂಗಡಿ ನಿನ್ನದೇ, ರೈಟಣ್ಣನ ಬಸ್ಸೂ ಓಡುತ್ತದೆ. ಆ ಮ್ಯಾನೇಜರ್ ಕುರ್ಚಿಗೆ ಮಾತ್ರ ಬೇರೆ ಯಾರೋ ಬರುತ್ತಾರೆ.

ನೀನು ಏನು ಮಾಡಬೇಕು ಎಂದು ಹೇಳುವ ಮೇಷ್ಟ್ರು ನಾನಲ್ಲ ಈಗ.

ತಮ್ಮ


ಮಾರ್ಚ್ 24

ತಮ್ಮಾ,

ಹೋಗಿ ಬಂದೆ.

ಅವಳು ಪರಿಚಯದಲ್ಲಿ ಬರೆದಿದ್ದ ಊರಿಗೆ ಹೋಗುವುದು ರೈಟಣ್ಣನದೇ ಬಸ್ಸು. ಹತ್ತಿದ ಕೂಡಲೇ, ಮಾತಿಗೊಂದು "ರೈಟ್" ಸೇರಿಸುವುದರಲ್ಲೇ ಗುರುತಾಯಿತು. ಅವನಿಗೂ ನನ್ನ ಗುರುತು ಸಿಕ್ಕಿತು, ಚಿಲ್ಲರೆ ಕೊಡಿ ಎಂದದ್ದಕ್ಕೆ ನಾನು ಜಗಳ ತೆಗೆದ ರೀತಿಗೆ.

"ಹಸಿರಮ್ಮನಾ? ಎಲ್ಲಿಗೆ?"

"ಔಷಧಿ ತರೋಕೆ."

"ನಿಮ್ಮೂರಲ್ಲಿ ಸಿಗಲ್ವಾ?"

"ಈ ಕಾಯಿಲೆಗೆ ಸಿಗಲ್ಲ."

ಅವನು ನಗಲಿಲ್ಲ. "ನನ್ನ ಪ್ರಶ್ನೇನೂ ಅಳಿಸಿದ್ರಿ ನೀವು," ಎಂದ. "ತಮಾಷೆಗೆ ಕೇಳಿದ್ದೆ. ಅಳಿಸಿದ ಮೇಲೆ ತಮಾಷೆ ಅನ್ನಿಸ್ಲಿಲ್ಲ." ಆಮೇಲೆ ಇಳಿಯುವ ತನಕ ನನ್ನ ಸೀಟಿನ ಕಡೆ ಬರಲಿಲ್ಲ. ಇಳಿಯುವಾಗ ಮಾತ್ರ "ಬಲಗಡೆ ಎರಡನೇ ಬೀದಿ" ಎಂದ. ರೈಟ್ ಅನ್ನಲಿಲ್ಲ.

ಕಿರಿದಾದ ಅಂಗಡಿ, ಗೋಡೆ ತುಂಬ ಡ್ರಾಯರು, ಗಾಜಿನ ಕೌಂಟರು. ಹಿಂದೆ ಬಿಳಿ ಕೋಟಿನಲ್ಲಿ ಅವಳು. ನಾನು ಪುಟದ ಮೇಲೆ ಕಲ್ಪಿಸಿಕೊಂಡಿದ್ದ ಜಂಭಗಾತಿಗಿಂತ ಒಂದು ಗೇಣು ಕುಳ್ಳಿ. ನನ್ನ ಮುಂದೆ ಒಬ್ಬ ಅಜ್ಜ ಮಾತ್ರೆ ಹಿಡಿದು ತಗಾದೆ ತೆಗೆದಿದ್ದ. ಹೋದ ಸಲ ಬಿಳಿ ಕೊಟ್ಟಿದ್ದೆ, ಈ ಸಲ ಹಳದಿ ಯಾಕೆ ಅಂತ. ಅವಳು ಮಾತ್ರೆಯ ಹಳೆ ಪಟ್ಟಿ, ಹೊಸ ಪಟ್ಟಿ ಎರಡನ್ನೂ ಜೋಡಿಸಿ ಹಿಡಿದಳು. "ಕಂಪನಿ ಬೇರೆ ಅಜ್ಜ, ಅದಕ್ಕೆ ಬಣ್ಣ ಬೇರೆ. ಒಳಗಿನ ಮದ್ದು ಅದೇ. ಓದಿ ಹೇಳ್ಲಾ?" ಎಂದು ಇಡೀ ಪಟ್ಟಿ ಓದಿ ಹೇಳಿದಳು. ಅಜ್ಜ ಗೊಣಗುತ್ತಲೇ ಹೋದ. ಮುಂದಿನ ತಿಂಗಳೂ ಅಲ್ಲಿಗೇ ಬರುತ್ತಾನೆ, ನೋಡುತ್ತಿರು. ಅಲ್ಲೂ ನನಗೆ ಹೊಟ್ಟೆ ಉರಿಯಿತು ಕಣೋ. ನಾನಾಗಿದ್ದರೆ ಆ ಅಜ್ಜನನ್ನು ಬೈದು ಕಳಿಸುತ್ತಿದ್ದೆ.

"ಏನು ಬೇಕಮ್ಮ?"

"ಹಸಿರು," ಎಂದೆ.

ಅವಳು ಮುಖ ಎತ್ತಿ ನೋಡಿದಳು. ಗೊತ್ತಾಯಿತು. ಡ್ರಾಯರು ಮುಚ್ಚಿದಳು.

"ಬಣ್ಣ ಬೇರೆ, ಒಳಗಿನ ಮದ್ದು ಅದೇ ಅಂತ ನೀವೂ ಅನ್ಕೊಂಡ್ರೇನೋ. ಮಾತ್ರೆಗೆ ಸರಿ ಅದು. ಮಾತಿಗಲ್ಲ."

"ತಪ್ಪಾಯ್ತು," ಎಂದೆ. "ನೀನು ಯಾಕಮ್ಮ ಒಂದು ದೂರು ಕೊಡ್ಲಿಲ್ಲ?"

"ಯಾರಿಗೆ ಕೊಡ್ಲಿ? ಮೇಷ್ಟ್ರು ನಿಮ್ಮ ತಮ್ಮ." ಕೌಂಟರಿನ ಗಾಜು ಒರೆಸುತ್ತಾ ಹೇಳಿದಳು: "ಮೊದ್ಲನೇ ಸಾಲು ಹಸಿರಾದಾಗ ಏನೋ ಬೆರಳು ತಪ್ಪಿರ್ಬೇಕು ಅಂದ್ಕೊಂಡೆ. ಆಮೇಲೆ ದಿನಾ ಬೆಳಿಗ್ಗೆ ನೋಡೋದು, ಇವತ್ತು ಯಾವ್ದು ಹೋಯ್ತು ಅಂತ. ಮನೇಲಿ ಮಗಳು ಕೇಳಿದ್ಳು, ಅಮ್ಮ ನೀನು ಏನೂ ಬರೀತಾನೇ ಇಲ್ವಾ, ನಿನ್ ಬಣ್ಣಾನೇ ಇಲ್ಲ ಅಂತ. ಆವತ್ತೇ ಬಿಟ್ಟೆ."

ಹಿಂದೆ ನಿಂತವರು "ಬೇಗ ಬೇಗ" ಎಂದರು. ನಾನು ಪಕ್ಕಕ್ಕೆ ಸರಿದೆ. ಸಾಲು ಕರಗುವ ತನಕ ಅಲ್ಲೇ, ತೂಕದ ಯಂತ್ರದ ಪಕ್ಕದಲ್ಲಿ, ಸ್ಟೂಲಿನ ಮೇಲೆ ಕೂತೆ. ಅವಳು ಕೂರು ಎನ್ನಲಿಲ್ಲ, ಹೋಗು ಎನ್ನಲಿಲ್ಲ.

ಕೊನೆಗೆ ಹೇಳಿದೆ: "ನಿನ್ನ ಸಾಲು ನಾನು ವಾಪಸ್ ಕೊಡೋಕೆ ಆಗಲ್ಲ. ನೋಡಿದೆ. ನಾನು ಮುಟ್ಟಿದ್ದೆಲ್ಲ ಹಸಿರಾಗುತ್ತೆ. ಪುಟದಲ್ಲಿ ನನ್ನ ಹೆಸರಲ್ಲೇ ಬರೆದಿದ್ದೀನಿ, ಇವು ನನ್ನ ಮಾತಲ್ಲ ಅಂತ. ಅಲ್ಲಿಂದ ಕೆಳಗೆ ಜಾಗ ಖಾಲಿ ಬಿಟ್ಟಿದ್ದೀನಿ. ಬರ್ತೀಯೋ ಬಿಡ್ತೀಯೋ ನಿನ್ನಿಷ್ಟ."

"ನಾನು ದೂರು ಕೊಟ್ಟಿದ್ರೆ ಬರ್ತಿದ್ರಾ ನೀವು ಇಲ್ಲಿಗೆ?"

ಯೋಚಿಸಿದೆ. ಸುಳ್ಳು ಹೇಳಬಹುದಿತ್ತು.

"ಇಲ್ಲ," ಎಂದೆ. "ಜಗಳ ಆಡ್ತಿದ್ದೆ."

ಅವಳು ತುಟಿಯ ಒಂದು ತುದಿಯಲ್ಲಿ ನಕ್ಕಳೋ ಏನೋ, ಗೊತ್ತಾಗಲಿಲ್ಲ. ಅಷ್ಟರಲ್ಲಿ ಇನ್ನೊಬ್ಬ ಗಿರಾಕಿ ಬಂದ. ಬರಿಗೈಲಿ ಹೊರಡಬಾರದು ಎಂದು ಒಂದು ತಲೆನೋವಿನ ಮಾತ್ರೆ ಕೊಂಡೆ. ತೆಗೆದುಕೊಂಡರೆ ಕೆಲಸ ಮಾಡಿತು, ಅದನ್ನೂ ಹೇಳಬೇಕಲ್ಲ.

ಅಕ್ಕ


ಮಾರ್ಚ್ 28

ಅಕ್ಕ,

ಪುಟ ನೋಡಿದೆ. ನೀನು ಬಿಟ್ಟ ಖಾಲಿ ಜಾಗ ಹಾಗೇ ಇದೆ. ಅದರ ಮೇಲೆ ನನ್ನ ಕಪ್ಪು ಅಕ್ಷರದಲ್ಲಿ ಅವಳಿಗೆ ತಪ್ಪೊಪ್ಪಿಗೆ ಬರೆದಿದ್ದೇನೆ.

ಈಗ ನಾನು ನಿನಗೆ ಅಂಕ ಕೊಡುವವನಲ್ಲ, ಆದ್ದರಿಂದ ಒಂದು ಮಾತು ಹೇಳಬಹುದು. ಮೊದಲ ವಾರ, ಯಾರ ಸಾಲನ್ನೂ ಮುಟ್ಟುವ ಮೊದಲು ನೀನು ಬರೆದಿದ್ದೆ: "ಅರ್ಧ ಬಳಸಿದ ಡಬ್ಬ ವಾಪಸ್ ತಂದವನ ಡಬ್ಬ ಮೊದಲು ನೋಡಬೇಡಿ, ಮುಖ ನೋಡಿ. ಮನೆಯಲ್ಲಿ ಯಾರೋ ಬಣ್ಣ ಬೇಡ ಎಂದು ಬೈದು ಕಳಿಸಿರುತ್ತಾರೆ." ಹಿಂದಿನ ಪುಟಗಳಲ್ಲಿ ಅದು ಎಲ್ಲ ದಿನವೂ ಹಸಿರಾಗಿಯೇ ಇದೆ. ಆವತ್ತು ಓದಿ ಗಟ್ಟಿಯಾಗಿ ನಕ್ಕಿದ್ದೆ. ಕೆಳಗೆ ಬರೆಯಲು ಕೈ ಎತ್ತಿ, ಹೆದರಿ, ಇಳಿಸಿದೆ.

ತಮ್ಮ


ಏಪ್ರಿಲ್ 2

ತಮ್ಮಾ,

ನಿನ್ನ ಕಾಗದ ಗೋಡೆಗೆ ಅಂಟಿಸಿಲ್ಲ. ಗಲ್ಲಾದ ಒಳಗಿಟ್ಟಿದ್ದೇನೆ.

ಪುಟ ನೋಡಿದೆಯೋ ಇಲ್ಲವೋ. ತಿಂಗಳ ಕೊನೆಯ ದಿನ ಬಾಗಿಲು ಹಾಕುವ ಹೊತ್ತಿಗೆ ನಿಮ್ಮ ಭಾವ ಕೂಗಿದರು, "ಬಾ ಇಲ್ಲಿ, ಏನೋ ನೇರಳೆ ನೇರಳೆ ಕಾಣ್ತಿದೆ" ಎಂದು. ಕೈಯಲ್ಲಿದ್ದ ಬೀಗ ಅಲ್ಲೇ ಬಿಟ್ಟು ಓಡಿದೆ.

ಅವಳ ಹಳೆಯ ಸಾಲು ಬರೆದಿರುತ್ತಾಳೆ ಎಂದುಕೊಂಡಿದ್ದೆ. ಇಲ್ಲ. ನನ್ನ ಖಾಲಿ ಜಾಗದ ತುಂಬ ಒಂದು ದೂರು. "ದೂರು ಕೊಟ್ಟವರು: ನೇರಳೆ. ಯಾರ ಮೇಲೆ: ಹಸಿರು, ಮತ್ತು ನೋಡದೆ ಮೆಚ್ಚಿದ ಕಪ್ಪು." ನಿನಗೂ ಬಿದ್ದಿದೆಯಪ್ಪ, ಸರಿಯಾಗಿ ಓದು. ಏನಾಯಿತು, ಯಾವ ದಿನ ಯಾವ ಸಾಲು ಹೋಯಿತು, ಮಗಳು ಏನಂದಳು, ಎಲ್ಲ. ಒಂದು ಬೈಗುಳವಿಲ್ಲ, ಒಂದು ಪದ ಹೆಚ್ಚಿಲ್ಲ. ಕೊನೆಗೆ: "ಹಳೆಯ ಸಾಲು ವಾಪಸ್ ಬೇಡ. ಇದನ್ನೇ ಕೈಪಿಡಿಗೆ ಉದಾಹರಣೆಯಾಗಿ ಹಾಕಿ." ಕೆಳಗೆ ನೀಲಿಯಲ್ಲಿ ರೈಟಣ್ಣ: "ಹಾಕೋಣ ಮೇಡಂ. ರೈಟ್, ರೈಟ್!"

ಎಷ್ಟು ಚೆನ್ನಾಗಿ ಬರೆದಿದ್ದಾಳೆ ಗೊತ್ತಾ. ಓದುತ್ತಾ ಓದುತ್ತಾ ಇದನ್ನು ನಾನು ಬರೆಯಬೇಕಿತ್ತು ಅನ್ನಿಸಿತು. ನನ್ನ ಮೇಲಿನ ದೂರು, ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಕೈ ಕೀಬೋರ್ಡಿನ ಹತ್ತಿರ ಹೋಗಿಯೂ ಇತ್ತು. ನಿಮ್ಮ ಭಾವ ನನ್ನ ಬೆರಳನ್ನೇ ನೋಡುತ್ತಾ ನಿಂತಿದ್ದರು.

ಅವಳ ಅಕ್ಷರ ಮುಟ್ಟಲಿಲ್ಲ. ಅದರ ಕೆಳಗೆ, ನೀನು ಜನವರಿಯಲ್ಲೇ ಹೇಳಿದ್ದೆಯಲ್ಲ, ಉತ್ತರ ಬರೆದೆ. "ದೂರು ತಲುಪಿದೆ. ತಪ್ಪು ನನ್ನದು. ಬೇರೆ ಏನಾದರೂ ದೂರು ಇದೆಯಾ?"

ಬೆಳಿಗ್ಗೆ ಅಂಗಡಿ ತೆರೆಯುವ ಮೊದಲೇ ಪುಟ ತೆರೆದೆ. ನನ್ನ ಹಸಿರಿನ ಕೆಳಗೆ ನೇರಳೆ.

"ಇದೆ."

ಅದರ ಕೆಳಗೆ ಒಂದು ಮಾರುದ್ದ ದೂರು.

ಹೊಟ್ಟೆ ಉರಿಯುತ್ತಿದೆ. ಇಲ್ಲಿ ಕ್ಷೇಮ.

ಅಕ್ಕ